ಮಾಡಿದವರು ಯಾರು ಎಂಬುದನ್ನು ಬರೆಯಿರಿ

ಆತ್ಮೀಯರೇ, ನಮಸ್ಕಾರ.

ಬೈಬಲ್ ಅನುವಾದ ಮತ್ತು ನಮ್ಮ ಕರಾವಳಿಯ ಕ್ರೈಸ್ತರ ಆಚರಣೆಗಳ ಕುರಿತು ಹೊನ್ನಾವರದಿಂದ ನೀವು ಕಳುಹಿಸಿದ ಲೇಖನವನ್ನು ಶಿರಸಿಯ ನಮ್ಮ ಕಚೇರಿಯಲ್ಲಿ ಗಮನವಿಟ್ಟು ಓದಿದ್ದೇನೆ. ವಿಷಯ ಒಳ್ಳೆಯದು, ಓದು ವಿಸ್ತಾರವಾಗಿದೆ, ಇಸವಿಗಳು ಸರಿಯಾಗಿವೆ. ಆದರೂ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಕಾರಣವನ್ನು ಬಿಚ್ಚಿ ಹೇಳುವುದು ನನ್ನ ಕರ್ತವ್ಯ.

ನನ್ನನ್ನು ಮೊದಲು ಕೆರಳಿಸಿದ್ದು ನಿಮ್ಮ ‘ಲಾಯಿತು’. ‘1616ರಲ್ಲಿ ಕ್ರಿಸ್ತನ ಕಥೆಗೆ ಪುರಾಣದ ಶೈಲಿಯನ್ನು ಅಳವಡಿಸಲಾಯಿತು’ ಎಂದು ಬರೆದಿದ್ದೀರಿ. ಅಳವಡಿಸಿದವರು ಯಾರು? ಇಂಗ್ಲೆಂಡಿನಲ್ಲಿ ಹುಟ್ಟಿ, 1579ರಲ್ಲಿ ಗೋವೆಗೆ ಬಂದ ಜೆಸುಯಿಟ್ ಪಾದ್ರಿ ಥಾಮಸ್ ಸ್ಟೀಫನ್ಸ್ ಮರಾಠಿಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಓವಿ ಎಂಬ ಪದ್ಯಗಳಲ್ಲಿ ‘ಕ್ರಿಸ್ತಪುರಾಣ’ವನ್ನು ರಚಿಸಿದರು. ಅದನ್ನು ಅವರು ಯಾಕೆ ರಚಿಸಿದರೆಂಬುದನ್ನು ಆ ಕೃತಿಯ ಆರಂಭದಲ್ಲಿಯೇ ಹೇಳಿದ್ದಾರೆ: ಹೊಸದಾಗಿ ಕ್ರೈಸ್ತನಾದ ಒಬ್ಬಾತ ಧರ್ಮಬೋಧೆಯ ಹೊತ್ತಿನಲ್ಲಿ ಎದ್ದು, ನಮ್ಮ ಹಳೆಯ ಪುರಾಣಗಳನ್ನು ನೀವು ಬಿಡಿಸಿದಿರಿ, ಅವುಗಳ ಜಾಗದಲ್ಲಿ ಓದಲು ಅಂಥದೇ ಇನ್ನೊಂದನ್ನು ಏಕೆ ಕೊಡುವುದಿಲ್ಲ ಎಂದು ಕೇಳುತ್ತಾನೆ. ಪುರಾಣವನ್ನು ಬೇಡಿದವನು ಊರಿನವನು; ಪಾದ್ರಿ ಅವನ ಮಾತಿಗೆ ಕಿವಿಗೊಟ್ಟರು. ನಿಮ್ಮ ಒಂದು ‘ಅಳವಡಿಸಲಾಯಿತು’ ಕೇಳಿದವನನ್ನೂ ಕೊಟ್ಟವರನ್ನೂ ಒಟ್ಟಿಗೆ ಅಳಿಸಿಹಾಕಿದೆ, ಮತ್ತು ನಂಬಿಕೆ ಒಂದು ನಾಡಿನಲ್ಲಿ ಬೇರೂರುವ ಬಗೆಯನ್ನು ತೋರಿಸಬಹುದಾಗಿದ್ದ ನಿಮ್ಮ ಅತ್ಯುತ್ತಮ ನಿದರ್ಶನ ಕೈಬಿಟ್ಟುಹೋಗಿದೆ.

ಎಳೆಯ ವಯಸ್ಸಿನಲ್ಲಿ ನಾನು ಕಾರವಾರದ ವಾರಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದ್ದೆ. ಅಲ್ಲಿನ ಹಿರಿಯ ಸಂಪಾದಕರು ‘ಲಾಯಿತು’ ಕಂಡಲ್ಲೆಲ್ಲ ಕೆಂಪು ಶಾಯಿಯಿಂದ ಗೆರೆ ಎಳೆದು, ಅಂಚಿನಲ್ಲಿ ‘ಯಾರು?’ ಎಂದು ಬರೆಯುತ್ತಿದ್ದರು. ಮಳೆಗಾಲದ ಒಂದು ಸುದ್ದಿಯಲ್ಲಿ ‘ದೋಣಿಗಳನ್ನು ದಡಕ್ಕೆ ಎಳೆಯಲಾಯಿತು’ ಎಂದಿತ್ತು; ವಿಚಾರಿಸಿಕೊಂಡು ಬಾ ಎಂದು ನನ್ನನ್ನು ಬೈತಖೋಲಕ್ಕೆ ಅಟ್ಟಿದರು. ಗಂಡಸರ ಜೊತೆ ಮೀನು ಮಾರುವ ಹೆಂಗಸರೂ ಸೊಂಟಕ್ಕೆ ಸೆರಗು ಬಿಗಿದು ಹಗ್ಗಕ್ಕೆ ಕೈಹಚ್ಚಿದ್ದರೆಂಬುದು ಅಲ್ಲಿಗೆ ಹೋದ ಮೇಲೆ ತಿಳಿಯಿತು, ಮತ್ತು ಅದೇ ಆ ವಾರದ ತಲೆಬರಹವಾಯಿತು. ಅಂದಿನಿಂದ ಆ ಕೆಂಪು ಪ್ರಶ್ನೆಯನ್ನು ಕೇಳದೆ ನಾನು ಯಾರ ಬರಹವನ್ನೂ ಓದಿಲ್ಲ.

ಅದೇ ಪ್ರಶ್ನೆಯನ್ನು ‘1831ರಲ್ಲಿ ಇಡೀ ಬೈಬಲ್ಲನ್ನು ಕನ್ನಡಕ್ಕೆ ತರಲಾಯಿತು’ ಎಂಬ ನಿಮ್ಮ ವಾಕ್ಯಕ್ಕೂ ಹಾಕಿ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದಾಗ ಅವರ ಕೈಗೆ ಸಿಗುವಂತೆ ಅಚ್ಚಾದ ಕನ್ನಡ ವ್ಯಾಕರಣವೂ ಇರಲಿಲ್ಲ, ನಿಘಂಟೂ ಇರಲಿಲ್ಲ. ಭಾಷೆಯನ್ನು ಅವರು ಊರಿನವರ ಬಾಯಿಂದಲೇ ಕಲಿಯಬೇಕಾಗಿತ್ತು. ಅನುವಾದಕನಿಗೆ ಮಾತು ಕಲಿಸಿದವರೂ ಅನುವಾದದ ಪಾಲುದಾರರೇ ಎಂಬುದು ನನ್ನ ದೃಢವಾದ ನಂಬಿಕೆ. ಹೆಸರು ಉಳಿಯದಿದ್ದರೆ ಅವರು ಇದ್ದರೆಂದಾದರೂ ಬರೆಯಬೇಕು.

ಇನ್ನು ‘ಮದುವೆಗಳಲ್ಲಿ ಸ್ಥಳೀಯ ಆಚರಣೆಗಳನ್ನು ಉಳಿಸಿಕೊಳ್ಳಲಾಗಿದೆ’ ಎಂಬ ವಾಕ್ಯ. ಅದರ ಬೆನ್ನಿಗೇ, ಮದುವೆಗೆ ಮುಂಚಿನ ರೋಸ್ ಶಾಸ್ತ್ರದ ದಿನ ನಿಮ್ಮ ಅಜ್ಜಿ ತೆಂಗಿನಕಾಯಿ ತುರಿದು, ಹಾಲು ಹಿಂಡಿ, ಮದುಮಗಳ ತಲೆಗೂ ತೋಳಿಗೂ ಹಚ್ಚುತ್ತಿದ್ದುದನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನಿಮ್ಮ ಮನೆತನ ಗೋವೆಯಿಂದ ಬಂದದ್ದೆಂದು ನೀವೇ ಬರೆದಿದ್ದೀರಿ. ಆ ಗೋವೆಯಲ್ಲಿ ಇಂಕ್ವಿಸಿಷನ್ ಎಂಬ ಕ್ಯಾಥೊಲಿಕ್ ಧರ್ಮವಿಚಾರಣಾ ನ್ಯಾಯಮಂಡಳಿ 1736ರಲ್ಲಿ ಹೊರಡಿಸಿದ ಆದೇಶವು ಅರಿಶಿನ ಹಚ್ಚುವುದನ್ನೂ ಸೇರಿಸಿ ಕ್ರೈಸ್ತರ ಮದುವೆಯ ಎಷ್ಟೋ ರೂಢಿಗಳನ್ನು ನಿಷೇಧಿಸಿತ್ತು. ಹೀಗಿರುವಾಗ ಇಂಥ ಶಾಸ್ತ್ರಗಳು ತಾವಾಗಿಯೇ ಉಳಿದವೆಂಬಂತೆ ಬರೆಯುವುದು ಅನ್ಯಾಯ. ಅಡುಗೆಮನೆಯ ಹೆಂಗಸರು ತಾಯಿಯಿಂದ ಮಗಳಿಗೆ ದಾಟಿಸಿ ಉಳಿಸಿದರು, ಮತ್ತು ಅದನ್ನು ಮಾಡುವಾಗ ತಾವು ಕ್ರೈಸ್ತರಲ್ಲವೆಂದು ಅವರಿಗೆ ಅನ್ನಿಸಿರಲಿಕ್ಕಿಲ್ಲ.

ಎರಡನೆಯ ದೋಷ ಇದಕ್ಕಿಂತ ದೊಡ್ಡದು. ‘ಮೂಲ ಕ್ರೈಸ್ತಧರ್ಮವು ಅನುವಾದದಿಂದ ಸ್ಥಳೀಯ ವೇಷ ತೊಟ್ಟು, ತನ್ನ ಶುದ್ಧತೆಯನ್ನು ಸ್ವಲ್ಪಮಟ್ಟಿಗೆ ಕಳೆದುಕೊಂಡಿತು’ ಎಂದಿದ್ದೀರಿ. ಯಾವ ನಾಡಿನ ವೇಷವನ್ನೂ ತೊಡದ ಆ ಮೂಲವನ್ನು ನೀವು ಎಲ್ಲಿ ಕಂಡಿರಿ? ಯೇಸು ಆಡಿದ ಮಾತು ಅರಮಾಯಿಕ್. ಸುವಾರ್ತೆಗಳು ನಮಗೆ ದೊರೆತದ್ದು ಗ್ರೀಕಿನಲ್ಲಿ. ಮಾರ್ಕನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ಯೇಸು ಸತ್ತ ಬಾಲಕಿಯ ಕೈಹಿಡಿದು ‘ತಲಿಥಾ ಕೂಮ್’ ಎನ್ನುತ್ತಾನೆ, ಮತ್ತು ಬರೆದಾತ ಅಲ್ಲಿಯೇ ನಿಂತು, ಅದರ ಅರ್ಥ ‘ಹುಡುಗಿ, ಏಳು’ ಎಂದು ತನ್ನ ಓದುಗರಿಗೆ ಬಿಡಿಸಿ ಹೇಳುತ್ತಾನೆ. ಹಾಗಾಗಿ ಅನುವಾದ ಈ ಧರ್ಮಕ್ಕೆ ಆಮೇಲೆ ಬಂದು ಸೇರಿದ್ದಲ್ಲ, ಅದರ ಮೊದಲ ಪುಟಗಳಲ್ಲಿಯೇ ಇದೆ. ಅಪೊಸ್ತಲರ ಕೃತ್ಯಗಳ ಹದಿನೈದನೆಯ ಅಧ್ಯಾಯವನ್ನೂ ಓದಿ ನೋಡಿ: ಅನ್ಯಜನರು ಕ್ರಿಸ್ತನನ್ನು ನಂಬಬೇಕಾದರೆ ಮೊದಲು ಸುನ್ನತಿ ಮಾಡಿಸಿಕೊಂಡು ಯೆಹೂದ್ಯರಂತಾಗಬೇಕೇ ಎಂಬ ವಿವಾದ ಜೆರುಸಲೇಮಿನ ಸಭೆಯ ಮುಂದೆ ಬರುತ್ತದೆ, ಬೇಕಿಲ್ಲವೆಂದು ತೀರ್ಮಾನವಾಗುತ್ತದೆ. ಗ್ರೀಕನಿಗೆ ಅಂದು ದೊರೆತ ಆ ಸ್ವಾತಂತ್ರ್ಯವನ್ನು ಕೊಂಕಣಿ ಮಾತನಾಡುವವರ ವಿಷಯಕ್ಕೆ ಬಂದಾಗ ‘ಬೆರಕೆ’ ಎಂದು ಕರೆದಿದ್ದೀರಿ. ಹಳಿಯಾಳ, ಯಲ್ಲಾಪುರದ ಕಾಡಂಚಿನ, ಆಫ್ರಿಕಾ ಮೂಲದ ಕ್ರೈಸ್ತ ಸಿದ್ದಿಗಳ ಬಗ್ಗೆಯೂ ಅದೇ ಪದವನ್ನು ಬಳಸಿದ್ದೀರಿ. ಓದುವಾಗ ನನಗೆ ನಿಜಕ್ಕೂ ನೋವಾಯಿತು. ಆ ಪದವನ್ನು ಎರಡೂ ಕಡೆ ತೆಗೆಯಿರಿ.

ಪೂಜೆಯಲ್ಲಿ ಊರಿನ ಭಾಷೆಗಳಿಗೆ ಅವಕಾಶ ಕೊಟ್ಟ ಕ್ಯಾಥೊಲಿಕ್ ಧರ್ಮಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆಯ (1962–65) ಬಳಿಕ ಲ್ಯಾಟಿನ್ ಪೂಜೆ ಕೊಂಕಣಿಗೆ ತಿರುಗಿದ್ದರ ಕುರಿತ ಭಾಗ ತೆಳುವಾಗಿದೆ. ಆ ಬದಲಾವಣೆಯನ್ನು ಕಣ್ಣಾರೆ ಕಂಡ ಹಿರಿಯರು ನಿಮ್ಮ ಊರಿನಲ್ಲಿ ಇನ್ನೂ ಇರಬಹುದು. ಅದಕ್ಕೆ ಮುಂಚೆ ಅವರು ಲ್ಯಾಟಿನ್ ಪ್ರಾರ್ಥನೆಗಳನ್ನು ಬಾಯಿಪಾಠ ಮಾಡಿದ್ದು ಹೇಗೆ, ಮೊದಲ ಸಲ ತಮ್ಮ ಮಾತಿನಲ್ಲಿ ಪೂಜೆ ಕೇಳಿದಾಗ ಯಾರು ಸಂತೋಷಪಟ್ಟರು, ಯಾರು ಮುನಿಸಿಕೊಂಡರು ಎಂಬುದನ್ನು ಕೇಳಿ, ಅವರು ಹೇಳಿದಂತೆಯೇ ಬರೆದುಕೊಳ್ಳಿ. ಅಷ್ಟು ಸೇರಿಸಿ, ನಾನು ಗೆರೆ ಎಳೆದ ವಾಕ್ಯಗಳನ್ನು ತಿದ್ದಿ, ಮಳೆಗಾಲದ ಸಂಚಿಕೆಗೆ ತಲುಪುವಂತೆ ಕಳುಹಿಸಿ. ಉದ್ದವಾದೀತೆಂದು ಹೆದರಬೇಡಿ, ಪುಟಗಳನ್ನು ಹೊಂದಿಸುವ ಹೊಣೆ ನನ್ನದು.

ಇತಿ,
ಸಂಪಾದಕ