ಉಸಿರು ಹಿಡಿದು ಆಳಕ್ಕೆ ಮುಳುಗಿದರೆ ಮೈಗೆ, ಮೆದುಳಿಗೆ ಏನಾಗುತ್ತದೆ?

ಬಾಗಲಕೋಟೆ ಕಡೆ ಬೇಸಿಗೆಯಲ್ಲಿ ಹುಡುಗರು ಬಾವಿಗೆ ಜಿಗಿದು ತಳದ ಮಣ್ಣು ತರುತ್ತಾರೆ, ಅಲ್ವಾ? ಫ್ರೀಡೈವಿಂಗ್ ಕೂಡ ಅದೇ, ಇನ್ನೂ ಆಳಕ್ಕೆ. ಉಸಿರು ಹಿಡಿದು ಮುಖಕ್ಕೆ ತಣ್ಣೀರು ತಾಕಿದ ಕೂಡಲೇ ಎದೆಬಡಿತ ನಿಧಾನವಾಗುತ್ತದೆ. ಕೈಕಾಲಿನ ರಕ್ತನಾಳ ಬಿಗಿದು, ಮೆದುಳು, ಹೃದಯಕ್ಕೆ ರಕ್ತ ಉಳಿಯುತ್ತದೆ. 10 ಮೀಟರ್ ಆಳದಲ್ಲಿ ನೀರಿನ ಒತ್ತಡಕ್ಕೆ ಶ್ವಾಸಕೋಶದ ಗಾಳಿ ಅರ್ಧಕ್ಕೆ ಕುಗ್ಗುತ್ತದೆ.

ನನಗೆ ಹೆದರಿಕೆ ಇರುವುದು ಮೆದುಳಿನದೇ. ‘ಉಸಿರು ಬೇಕು’ ಅನ್ನಿಸುವುದು ಮುಖ್ಯವಾಗಿ ಕಾರ್ಬನ್ ಡೈಆಕ್ಸೈಡ್ ಏರಿದಾಗ, ಆಮ್ಲಜನಕ ಇಳಿದಾಗಲ್ಲ. ಮುಳುಗುವ ಮೊದಲು ಜೋರಾಗಿ, ಜಾಸ್ತಿ ಹೊತ್ತು ಉಸಿರಾಡಿದರೆ ಕಾರ್ಬನ್ ಡೈಆಕ್ಸೈಡ್ ಮೊದಲೇ ಇಳಿದು, ಆ ಎಚ್ಚರಿಕೆ ತಡವಾಗುತ್ತದೆ. ಮೇಲೆ ಬರುವಾಗ ನೀರಿನ ಒತ್ತಡ ಇಳಿದು, ಮೆದುಳಿಗೆ ಆಮ್ಲಜನಕ ಸಾಲದೆ, ಸುಳಿವೇ ಇಲ್ಲದೆ ಪ್ರಜ್ಞೆ ತಪ್ಪಬಹುದು. ಚೆನ್ನಾಗಿ ಈಜುವವರೂ ಹೀಗೆ ಜೀವ ಕಳೆದುಕೊಳ್ಳುತ್ತಾರೆ. ದಯವಿಟ್ಟು ಒಬ್ಬರೇ ಮುಳುಗಬೇಡಿ. ಜೊತೆಗೆ ಈಜು ಬಲ್ಲವರೊಬ್ಬರು ಕಣ್ಣಿಟ್ಟು ನೋಡುತ್ತಿರಲಿ.