ಜ್ವರ ಬಿಟ್ಟಿತು, ಉಸಿರು ಹಿಡಿಯಲಾಗಲಿಲ್ಲ: ಒಬ್ಬ ಕಬಡ್ಡಿ ರೈಡರ್‌ನ ಪ್ರಕರಣ

ಹೆಸರು, ಊರು, ತಂಡದ ವಿವರ ಎಲ್ಲ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ರಕ್ಷಿತ್ ಅಂತ ಕರೆಯೋಣ. ವಯಸ್ಸು 24. ಉಡುಪಿ ಕಡೆಯವನು. ಮಳೆಗಾಲ ಮುಗಿದ ಮೇಲೆ ನಮ್ಮಲ್ಲಿ ಊರೂರಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ ಇರುತ್ತದೆ ಅಲ್ವಾ, ಅದರಲ್ಲಿ ದುಡ್ಡಿಗೆ ಆಡುವ ರೈಡರ್. ಮನೆ ನಡೆಯುವುದೂ ಜಾಸ್ತಿ ಅದರಿಂದಲೇ. ನಾನು ಮಂಗಳೂರಿನಲ್ಲಿ ಆಪ್ತಸಲಹೆಗಾರ್ತಿ. ಅವನನ್ನು ನನ್ನ ಹತ್ತಿರ ಕರೆದುಕೊಂಡು ಬಂದದ್ದು ಅವನ ಅಕ್ಕ. "ಮೇಡಂ, ಇವ ರಾತ್ರಿ ನಿದ್ದೆ ಮಾಡುದಿಲ್ಲ. ಆಟ ಬಿಡ್ತೇನೆ ಅಂತಾನೆ. ಎಂತ ಆಗಿದೆ ಅಂತ ನೀವೇ ಕೇಳಿ" ಅಂದರು.

ಅವನು ತುಂಬ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: "ಉಸಿರು ಹಿಡಿಯಲು ಆಗುದಿಲ್ಲ ಮೇಡಂ. ಎದುರಿನ ಅಂಕಣಕ್ಕೆ ಕಾಲಿಟ್ಟು ಸ್ವಲ್ಪ ಹೊತ್ತಿಗೇ ಕೆಮ್ಮು ಬರ್ತದೆ. ಕಬಡ್ಡಿ ಕಬಡ್ಡಿ ಕಟ್ ಆಗ್ತದೆ."

ಒಂದು ರೈಡ್‌ಗೆ 30 ಸೆಕೆಂಡ್. ಅಷ್ಟು ಹೊತ್ತೂ "ಕಬಡ್ಡಿ" ಅನ್ನುತ್ತಲೇ ಇರಬೇಕು. ಮಾತು ಕಡಿದರೆ ಅಂಪೈರ್ ವಾಪಸ್ ಕಳಿಸುತ್ತಾರೆ, ಪಾಯಿಂಟ್ ಎದುರಾಳಿಗೆ. ಕೆಮ್ಮು ಬೇರೆ ಆಟಗಾರನಿಗೆ ಬರೀ ಕಿರಿಕಿರಿ. ರೈಡರ್‌ಗೆ ಅದೇ ಸೋಲು.

ಒಂದು ತಿಂಗಳ ಹಿಂದೆ ಅವನಿಗೆ ವೈರಲ್ ಜ್ವರ ಬಂದಿತ್ತು. ಗಂಟಲು ನೋವು, ಮೈಕೈ ನೋವು. ಮೆಡಿಕಲ್‌ನಿಂದ ಮಾತ್ರೆ ತಂದು ನುಂಗಿದ. ಎರಡನೇ ದಿನ ಮೈ ಸುಡುತ್ತಿರುವಾಗಲೇ ಆಡಿದ, ಯಾಕೆಂದರೆ ಪಂದ್ಯಾಟದ ಬ್ಯಾನರ್‌ನಲ್ಲಿ ಅವನ ಫೋಟೋ ಇತ್ತು. ಜ್ವರ ಬಿಟ್ಟಿತು. ಕೆಮ್ಮು, ಸುಸ್ತು ಬಿಡಲಿಲ್ಲ. ಮೆಟ್ಟಿಲು ಹತ್ತಿದರೆ ಎದೆ ಡವಡವ. ತಂಡದವರು "ಎಂತ ಮಾರಾಯ, ಸೋಮಾರಿ ಆದೆಯಾ?" ಅಂದರು. ಅದನ್ನು ಅವನೂ ನಂಬಿಬಿಟ್ಟಿದ್ದ.

ಎದೆ ಬಡಿತದ ಮಾತು ಬಂದ ಕೂಡಲೇ ನಾನು ಮನಸ್ಸಿನ ವಿಷಯ ಬದಿಗಿಟ್ಟೆ. ಮೊದಲು ಡಾಕ್ಟರ್ ಹತ್ತಿರ ಹೋಗಿ ಅಂದೆ. ಫ್ಲೂ, ಕೋವಿಡ್‌ನಂಥ ವೈರಸ್ ಅಪರೂಪಕ್ಕೆ ಹೃದಯದ ಸ್ನಾಯುವಿನಲ್ಲೂ ಉರಿಯೂತ ಉಂಟುಮಾಡುತ್ತದೆ. ಆ ಹೊತ್ತಲ್ಲಿ ಮೈಮುರಿದು ಆಡಿದರೆ ಹೃದಯದ ಬಡಿತವೇ ತಾಳ ತಪ್ಪಿ ಜೀವಕ್ಕೆ ಅಪಾಯ ಆಗಬಹುದು. ಜ್ವರದ ನಂತರ ಎದೆನೋವು, ಎದೆ ಬಡಿತ, ತಲೆಸುತ್ತು ಇದ್ದವರಿಗೆ ಆಪ್ತಸಲಹೆ ಎರಡನೆಯದು. ಇಸಿಜಿ, ಎಕೋ (ಹೃದಯದ ಸ್ಕ್ಯಾನ್), ರಕ್ತಪರೀಕ್ಷೆ ಎಲ್ಲ ಸರಿ ಬಂತು. ಸೋಂಕಿನಿಂದ ಶ್ವಾಸನಾಳ ಇನ್ನೂ ಸೂಕ್ಷ್ಮವಾಗಿದೆ, ಜೋರಾಗಿ ಉಸಿರಾಡಿದರೆ ಕೆಮ್ಮು ಬರುವುದು ಅದಕ್ಕೇ ಅಂತ ಡಾಕ್ಟರ್ ಹೇಳಿದರು. ಆ ಮಾತು ಕೇಳಿಯೇ ಅವನ ಮುಖ ಅರ್ಧ ಸಡಿಲವಾಗಿತ್ತು. ಸುಸ್ತಿಗೆ ಕಾರಣ ಇದೆ, ತಾನು ಸೋಮಾರಿಯಲ್ಲ ಅಂತ ಮೊದಲ ಸಲ ಗೊತ್ತಾಯಿತು.

ಆದರೂ ಒಂದು ಪ್ರಶ್ನೆ ಉಳಿದಿತ್ತು. "ನೋವಾ ಲೈಲ್ಸ್ ಕೋವಿಡ್ ಇಟ್ಟುಕೊಂಡೇ ಓಡಿ ಮೆಡಲ್ ತಗೊಂಡ ಅಲ್ವಾ ಮೇಡಂ?" ಹೌದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಚಿನ್ನ ಗೆದ್ದ ಅಮೆರಿಕದ ಓಟಗಾರ ಲೈಲ್ಸ್‌ಗೆ 200 ಮೀಟರ್‌ನಲ್ಲಿ ಸಿಕ್ಕಿದ್ದು ಕಂಚು. ಓಟ ಮುಗಿದ ಮೇಲೆ ಟ್ರ್ಯಾಕ್ ಮೇಲೆ ಬಿದ್ದುಕೊಂಡರು, ವೀಲ್‌ಚೇರ್‌ನಲ್ಲಿ ಕರೆದೊಯ್ದರು, ಆಮೇಲೆ ರಿಲೇ ಓಡಲಿಲ್ಲ. ಅದು 20 ಸೆಕೆಂಡಿನ ಓಟ, ಪಕ್ಕದಲ್ಲೇ ವೈದ್ಯರ ತಂಡ. ನಿನ್ನದು 40 ನಿಮಿಷದ ಆಟ, ಪಕ್ಕದಲ್ಲಿ ಯಾರಿದ್ದಾರೆ ಅಂತ ಕೇಳಿದೆ. ಬ್ಯಾಡ್ಮಿಂಟನ್ ಆಟಗಾರ ಕಿದಂಬಿ ಶ್ರೀಕಾಂತ್ ವಿಷಯವನ್ನೂ ಹೇಳಿದೆ. 2022ರ ಜನವರಿಯಲ್ಲಿ ಕೋವಿಡ್‌ನಿಂದ ಇಂಡಿಯಾ ಓಪನ್ ಅರ್ಧಕ್ಕೇ ಬಿಟ್ಟರು. ಅದೇ ಮೇ ತಿಂಗಳಲ್ಲಿ ಭಾರತಕ್ಕೆ ಥಾಮಸ್ ಕಪ್ ತಂದುಕೊಟ್ಟ ಕೊನೆಯ ಪಂದ್ಯ ಗೆದ್ದದ್ದು ಅವರೇ.

ಡಾಕ್ಟರ್ ಹೇಳಿದ್ದನ್ನು ಇಟ್ಟುಕೊಂಡು ಮೂವರೂ ಕೂತು ಒಂದು ದಾರಿ ಮಾಡಿದೆವು. ಬೆಳಿಗ್ಗೆ ಎದ್ದ ಕೂಡಲೇ, ಹಾಸಿಗೆಯಲ್ಲೇ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಒಂದು ನಿಮಿಷ ನಾಡಿ ಎಣಿಸುವುದು. ಅದನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆಯುವುದು. ಮೊದಲು 54 ಇರುತ್ತಿತ್ತಂತೆ, ಆಗ 70ರ ಹತ್ತಿರ. ಇಳಿಯುವ ತನಕ ನಡಿಗೆ ಮಾತ್ರ. ಆಮೇಲೆ ನಿಧಾನ ಓಟ, ಮೈಗೆ ಮೈ ತಾಗದ ಅಭ್ಯಾಸ, ಗಿಡ್ಡ ರೈಡ್, ಕೊನೆಗೆ ಪೂರ್ತಿ ಆಟ. ಕೆಮ್ಮು ಅಥವಾ ಸುಸ್ತು ಮತ್ತೆ ಹೆಚ್ಚಾದರೆ ಒಂದು ಹೆಜ್ಜೆ ಹಿಂದೆ.

ಮುಂದೆ ಮತ್ತೆ ನೆಗಡಿ ಬಂದರೆ? ಬರೀ ಮೂಗು ಸೋರುತ್ತಿದ್ದರೆ ಹಗುರ ಅಭ್ಯಾಸ ಮಾಡಬಹುದು. ಜ್ವರ, ಮೈನೋವು, ಎದೆಯ ಕೆಮ್ಮು ಇದ್ದರೆ ಅಂಕಣ ಬೇಡವೇ ಬೇಡ. ಆಂಟಿಬಯೋಟಿಕ್ ವೈರಸ್‌ಗೆ ಕೆಲಸ ಮಾಡುವುದಿಲ್ಲ. ಮೆಡಿಕಲ್‌ನಲ್ಲಿ ಕೇಳಿ ಶೀತದ ಮಾತ್ರೆ ನುಂಗುವುದೂ ಬೇಡ. ಕೆಲವದರಲ್ಲಿ ಕಟ್ಟಿದ ಮೂಗು ಬಿಡಿಸುವ ಸ್ಯೂಡೊಎಫೆಡ್ರಿನ್ ಎಂಬ ಔಷಧಿ ಇರುತ್ತದೆ, ಪಂದ್ಯದ ಹೊತ್ತಿಗೆ ಮಿತಿ ಮೀರಿದರೆ ಡೋಪಿಂಗ್ ಕೇಸ್. ನೀರಿನ ಬಾಟಲಿ, ಟವೆಲ್ ಅವರವರದ್ದೇ ಇರಲಿ. ಒಬ್ಬರನ್ನೊಬ್ಬರು ಅಪ್ಪಿ ಹಿಡಿಯುವ ಆಟದಲ್ಲಿ ಒಬ್ಬನ ಜ್ವರ ಇಡೀ ತಂಡಕ್ಕೆ ಹೋಗಲು ಜಾಸ್ತಿ ದಿನ ಬೇಡ.

ಇದೆಲ್ಲಕ್ಕಿಂತ ಅವನಿಗೆ ಕಷ್ಟವಾದದ್ದು ಮ್ಯಾನೇಜರ್‌ಗೆ ಫೋನ್ ಮಾಡುವುದು. ನನ್ನ ಎದುರೇ ಮಾತು ಅಭ್ಯಾಸ ಮಾಡಿದ. "ಸಾರಿ ಅಣ್ಣ, ಬೇಜಾರು ಮಾಡ್ಬೇಡಿ" ಅಂತ ಶುರು ಮಾಡುತ್ತಿದ್ದ. ಸಾರಿ ಬೇಡ ಅಂದೆ. ಕೊನೆಗೆ ಹೀಗೆ ಹೇಳಿದ: "ಅಣ್ಣ, ಡಾಕ್ಟರ್ ಈಗ ಆಡ್ಬಾರ್ದು ಹೇಳಿದ್ದಾರೆ. ಈ ಪಂದ್ಯಾಟಕ್ಕೆ ಬೇರೆ ರೈಡರ್ ನೋಡಿ. ಮುಂದಿನದಕ್ಕೆ ಬರ್ತೇನೆ." ಮ್ಯಾನೇಜರ್ ಸ್ವಲ್ಪ ಗೊಣಗಿ ಒಪ್ಪಿದರು.

ಈಗ ಅವನು ಪೂರ್ತಿ ಆಡುತ್ತಿದ್ದಾನೆ. ನಿದ್ದೆ ಇನ್ನೂ ಸರಿಹೋಗಬೇಕು, ಅದಕ್ಕೆ ಬರುತ್ತಲೇ ಇದ್ದಾನೆ. ಆ ತಿಂಗಳ ಸಂಘದ ಸಾಲದ ಕಂತು ಅಕ್ಕ ಕಟ್ಟಿದರು. ಇನ್ನು ಸೀಸನ್‌ನ ಮೊದಲ ಪಂದ್ಯಾಟದ ದುಡ್ಡನ್ನು ಇಂಥ ದಿನಗಳಿಗೆ ಅಂತಲೇ ತೆಗೆದಿಡುವುದು ಅಂತ ಇಬ್ಬರೂ ಮಾತಾಡಿಕೊಂಡಿದ್ದಾರೆ.