ನ್ಯೂಟನ್‌ಗೆ ಎರಡು ಹುಟ್ಟುಹಬ್ಬ ಏಕೆ?

ಪುಸ್ತಕದಿಂದ ತಾರೀಖುಗಳನ್ನು ಆಯ್ದು ನೀವು ಮಾಡುತ್ತಿರುವ ‘ಇತಿಹಾಸದಲ್ಲಿ ಈ ದಿನ’ ಪಟ್ಟಿಯಲ್ಲಿ ನ್ಯೂಟನ್ ಜನನ 1642ರ ಡಿಸೆಂಬರ್ 25ರಲ್ಲೂ 1643ರ ಜನವರಿ 4ರಲ್ಲೂ ಬಂದಿರುವುದಕ್ಕೆ ಕಾರಣ ಕ್ಯಾಲೆಂಡರ್. ಮೊದಲನೆಯದು ಜೂಲಿಯನ್ ಎಂಬ ಹಳೆಯ ಕ್ಯಾಲೆಂಡರಿನ ತಾರೀಖು, ಎರಡನೆಯದು ಗ್ರೆಗೋರಿಯನ್, ಅಂದರೆ ಈಗ ನಾವು ಬಳಸುವ ಹೊಸ ಕ್ಯಾಲೆಂಡರಿನದು. ದಿನ ಒಂದೇ.

ಹಳೆಯ ತಾರೀಖನ್ನು ಹೊಸದಕ್ಕೆ ಪರಿವರ್ತಿಸಲು ಮೊದಲು, ಘಟನೆ ನಡೆದ ದೇಶ ಯಾವಾಗ ಹೊಸ ಕ್ಯಾಲೆಂಡರಿಗೆ ಬಂದಿತು ಎಂದು ನೋಡಿ. ಇಟಲಿ, ಸ್ಪೇನ್ 1582ರಲ್ಲೇ ಬಂದವು, ಬ್ರಿಟನ್ 1752ರಲ್ಲಿ (ಅಲ್ಲಿ ಸೆಪ್ಟೆಂಬರ್ 2ರ ಮರುದಿನವೇ 14!), ರಷ್ಯಾ 1918ರಲ್ಲಿ. ತಾರೀಖು ಅದಕ್ಕಿಂತ ಹಿಂದಿನದಾದರೆ ವ್ಯತ್ಯಾಸ ಕೂಡಿಸಿ: 1700ರ ಫೆಬ್ರವರಿವರೆಗೆ 10 ದಿನ, ಆಮೇಲೆ 1800ರ ಫೆಬ್ರವರಿವರೆಗೆ 11, ಮುಂದಿನ ನೂರು ವರ್ಷ 12, ಅಲ್ಲಿಂದಾಚೆ 13. ರಷ್ಯಾದ ಅಕ್ಟೋಬರ್ ಕ್ರಾಂತಿ ನವೆಂಬರ್ 7ಕ್ಕೆ ಬೀಳುವುದು ಹೀಗೆ.

ಕೂಡಿಸುವ ಮುನ್ನ ಒಂದು ಎಚ್ಚರಿಕೆ. ಕೆಲವು ಲೇಖಕರು ತಾರೀಖನ್ನು ಮೊದಲೇ ಪರಿವರ್ತಿಸಿ, ಆ ಮಾತನ್ನು ಎಲ್ಲೂ ಹೇಳಿರುವುದಿಲ್ಲ. ನಿಮ್ಮ ಪುಸ್ತಕದವರು ಏನು ಮಾಡಿದ್ದಾರೋ ನಾನು ಹೇಳಲಾರೆ. ಆದರೆ ವಾರದ ಹೆಸರು ಸಿಕ್ಕರೆ ಪತ್ತೆ ಸುಲಭ, ಏಕೆಂದರೆ ಕ್ಯಾಲೆಂಡರ್ ಬದಲಾದರೂ ವಾರಗಳ ಸರಣಿ ತಪ್ಪಲಿಲ್ಲ. ನ್ಯೂಟನ್ ಹುಟ್ಟಿದ್ದು ಭಾನುವಾರ. ಗ್ರೆಗೋರಿಯನ್ ಲೆಕ್ಕದಲ್ಲಿ ಜನವರಿ 4 ಭಾನುವಾರವೇ.

ಇಂಗ್ಲೆಂಡಿನಲ್ಲಿ 1752ಕ್ಕೆ ಮುಂಚೆ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಹಾಗಾಗಿ ಜನವರಿಯಿಂದ ಮಾರ್ಚ್ 24ರವರೆಗಿನ ತಾರೀಖುಗಳಲ್ಲಿ ಇಸವಿಯನ್ನೂ ಪರೀಕ್ಷಿಸಿ, ಅದು ಒಂದು ವರ್ಷ ಹಿಂದಿನದಾಗಿರಬಹುದು.

ಪಟ್ಟಿ ಪೂರ್ತಿ ಗ್ರೆಗೋರಿಯನ್ ಆಗಿರಲಿ, ಹಳೆಯ ತಾರೀಖು ಆವರಣದಲ್ಲಿರಲಿ. ‘ಗೆಲಿಲಿಯೊ ತೀರಿಕೊಂಡ ವರ್ಷವೇ ನ್ಯೂಟನ್ ಹುಟ್ಟಿದ’ ಎಂಬ ಜನಪ್ರಿಯ ಸಾಲನ್ನು ಮಾತ್ರ ತೆಗೆದುಬಿಡಿ: ಗೆಲಿಲಿಯೊ ತೀರಿಕೊಂಡ 1642ರ ಜನವರಿ 8 ಗ್ರೆಗೋರಿಯನ್ ತಾರೀಖು, ಅದೇ ಲೆಕ್ಕದಲ್ಲಿ ನ್ಯೂಟನ್ ಹುಟ್ಟಿದ್ದು 1643ರಲ್ಲಿ.